ಫೋನ್ ಇಟ್ಟು ಕೇಳ್ತೀನಿ

ಫೆಬ್ರವರಿ ೧೮, ವಿಭೂತಿ ಬುಧವಾರ

ಅರ್ನೆಸ್ಟ್ ಗುಯಾಶ್ ಎಂಬ ನಾನು, ಟೊಲೀಡೊ ಊರಿನಲ್ಲಿ ನದಿಯ ಪೂರ್ವ ದಂಡೆಯ ನಿವಾಸಿ, ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿ ನಿವೃತ್ತನಾದ ಬ್ರಹ್ಮಚಾರಿ, ಪಾದ್ರಿಗಳು ಹಣೆಗೆ ಹಚ್ಚಿದ ಬೂದಿ ಇನ್ನೂ ಉದುರಿರದ ಹೊತ್ತಿನಲ್ಲೇ, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಂದು ಕಳ್ಳತನ ಮಾಡಿದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಕದ್ದ ಮಾಲು: ಡಯಾಲಿಸಿಸ್ ಕೇಂದ್ರದ ಟಿವಿ ರಿಮೋಟ್. ಸದ್ಯ ಅದು ನನ್ನ ಕೋಟಿನ ಜೇಬಿನಲ್ಲಿದೆ. ಕೋಟಿಗೂ ನನಗೂ ಪಶ್ಚಾತ್ತಾಪವಿಲ್ಲ.

ಕಾರಣವೂ ದಾಖಲಾಗಲಿ. ಅಲ್ಲಿ ಸಾಲಾಗಿ ಕುರ್ಚಿಗಳಿವೆ. ಪ್ರತಿ ಕುರ್ಚಿಯ ಪಕ್ಕದಲ್ಲೊಂದು ಯಂತ್ರ, ಕೂತವರ ರಕ್ತವನ್ನು ಹೊರಗೆಳೆದು ತೊಳೆದು ಮತ್ತೆ ಒಳಗೆ ಬಿಡುತ್ತದೆ. ಆಲೂಗಡ್ಡೆ ಕೂಡದು, ಟೊಮೇಟೊ ಕೂಡದು, ಬಾಳೆಹಣ್ಣಂತೂ ವಿಷ ಎಂದು ವೈದ್ಯರಿಂದ ಹೇಳಿಸಿಕೊಂಡ ಈ ಜನ ಬೆಳಗೆಲ್ಲ ಬಾಯಿ ಬಿಟ್ಟುಕೊಂಡು ನೋಡುವುದು ಅಡುಗೆ ಕಾರ್ಯಕ್ರಮ! ನಾಲಿಗೆಗೆ ಇಲ್ಲದ್ದು ಕಣ್ಣಿಗಾದರೂ ಇರಲಿ ಎಂದೇನೋ. ನನ್ನ ಅಕ್ಕ ಇಲೋನಾ ಮಾತ್ರ ಬೇರೆ ಪಂಗಡ. ಅವಳಿಗೆ ಫುಟ್‌ಬಾಲೇ ಆಗಬೇಕು. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ನಮ್ಮ ಫುಟ್‌ಬಾಲು. ಚಳಿಗಾಲದ ಕೊನೆಗೆ ಆಟವಿರುವುದಿಲ್ಲ, ಆಟದ ಮಾತಿರುತ್ತದೆ. ಅದೂ ಏಪ್ರಿಲ್ಲಿನಲ್ಲಿ ಬರುವ ಡ್ರಾಫ್ಟಿನ, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನದ ಮಾತು. ಅದನ್ನು ನೋಡುವ ಹಕ್ಕು ಅವಳಿಗಿದೆ. ಆದ್ದರಿಂದ ಕದ್ದೆ.

ನಮ್ಮದು ಗಾಜಿನ ಊರು. ತಂಡದ ಹೆಸರು ಗ್ಲೇಜಿಯರ್ಸ್, ಅಂದರೆ ಗಾಜು ಕೂರಿಸುವವರು. ಕೂರಿಸಿದ್ದನ್ನು ನಾನು ಕಂಡಿಲ್ಲ, ಒಡೆದದ್ದನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ತಂಡಕ್ಕೊಬ್ಬ ಒಡೆಯನಿದ್ದಾನೆ, ಪದವಿಗೆ ತಕ್ಕಂತೆ ವರ್ಷಕ್ಕೊಮ್ಮೆ ಒಡೆಯುತ್ತಾನೆ. ಡ್ರಾಫ್ಟ್ ಎಂದರೆ ಕರಡು ಎಂದೂ ಅರ್ಥವಿದೆಯಲ್ಲ, ನಮ್ಮದು ಕರಡಿನಲ್ಲೇ ಬಾಳಿದ ಊರು. ಪ್ರತಿ ವರ್ಷ ಹೊಸ ಕರಡು. ಪಕ್ಕಾ ಪ್ರತಿ ಅಪ್ಪನ ಕಾಲದಲ್ಲೂ ಬರಲಿಲ್ಲ.

ಇದಕ್ಕೆ ನನ್ನ ಮದ್ದು ಒಂದೇ: ತಾಳ್ಮೆ. ನಾಳೆಯದನ್ನು ಮಾರಿ ಇವತ್ತು ತಿನ್ನಬಾರದು. ಬಡ್ ಲಾಸ್ಕಿಯ ಬೆಳಗಿನ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ಮೂವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಊರಲ್ಲಿ ನನಗೆ 'ಬೇಡಪ್ಪ ಅರ್ನಿ' ಎಂದು ಹೆಸರು. ಅಷ್ಟು ವರ್ಷಗಳಲ್ಲಿ ನನ್ನ ಮಾತು ಒಮ್ಮೆಯೂ ಬದಲಾಗಿಲ್ಲ, ಧ್ವನಿ ಒಮ್ಮೆಯೂ ನಡುಗಿಲ್ಲ. ಇದನ್ನು ಜಂಬವೆಂದು ತಿಳಿದರೂ ಅಡ್ಡಿಯಿಲ್ಲ.

ಫೆಬ್ರವರಿ ೨೭, ಶುಕ್ರವಾರ

ತಪಸ್ಸುಕಾಲದ ಶುಕ್ರವಾರ, ಈಸ್ಟರಿನವರೆಗೆ ಈ ವಾರ ಮಾಂಸ ಕೂಡದು. ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಾರೆ, ಊರೆಲ್ಲ ತಟ್ಟೆ ಹಿಡಿದು ಸಾಲು ನಿಲ್ಲುತ್ತದೆ. ಅಕ್ಕ ತನ್ನ ನರ್ಸ್ ಮಾರ್ವಾಳನ್ನು ಕರೆದಿದ್ದಳು. ಜಮೈಕಾದ ಹೆಣ್ಣುಮಗಳು, ಗಟ್ಟಿ ನಗು, ಸೂಜಿ ಚುಚ್ಚುವಾಗಲೂ ಹಾಡುತ್ತಾಳೆ.

"ಇಲೋನಮ್ಮಾ, ನಂಗೆ ಕ್ರಿಕೆಟ್ ಬಿಟ್ರೆ ಇನ್ನೇನೂ ಗೊತ್ತಿಲ್ಲ. ಅದೇನದು ಮೂರು ಹೊತ್ತೂ ಡ್ರಾಫ್ಟು ಡ್ರಾಫ್ಟು ಅಂತೀರಲ್ಲ?" ಎಂದಳು.

"ಈ ಸಾಲು ನೋಡು," ಎಂದಳು ಅಕ್ಕ. "ಹೋದ ವರ್ಷ ಯಾರು ಎಲ್ಲರಿಗಿಂತ ಕಳಪೆ ಆಡಿದ್ರೋ ಅವರು ಮೊದಲು ನಿಂತ್ಕೋತಾರೆ. ಕಾಲೇಜು ಮುಗಿಸಿ ಬರೋ ಹುಡುಗರೆಲ್ಲ ಅಲ್ಲಿ ಬಾಣಲೆ ಹತ್ರ ಇದಾರೆ ಅಂದ್ಕೋ. ಸರದಿ ಬಂದಾಗ ಒಬ್ಬೊಬ್ಬನ್ನ ಎತ್ಕೋಬೇಕು. ನಾವು ಐದನೆಯವರು."

"ಅಷ್ಟೊಂದು ಸೋತೂ ಐದನೆಯವರಾ?"

"ಸೋಲೋದ್ರಲ್ಲೂ ನಮಗೆ ಫಸ್ಟ್ ಪ್ರೈಜ್ ಇಲ್ಲ ಕಣೇ. ಇರಲಿ. ಈ ಸಲ ಒಳ್ಳೇ ತುಂಡು ಅಂತ ಇರೋದು ಒಂದೇ. ಟೆವಿನ್ ಮರ್ಚಿಸನ್ ಅಂತ, ಕ್ವಾರ್ಟರ್‌ಬ್ಯಾಕು. ಅಂದ್ರೆ ಚೆಂಡೆಸೆಯೋನು. ಅವನು ನೆಟ್ಟಗಿದ್ರೆ ತಂಡ ನೆಟ್ಟಗೆ. ನಮ್ಮ ಸರದಿ ಬರೋಷ್ಟರಲ್ಲಿ ಅವನು ಖಾಲಿ. ಅದಕ್ಕೇ ಎರಡನೇ ಜಾಗದಲ್ಲಿ ನಿಂತಿರೋನ ಹತ್ರ ಹೋಗಿ, 'ಅಣ್ಣಾ, ನಿನ್ನ ಜಾಗ ನಂಗೆ ಕೊಡು, ನನ್ನ ಜಾಗ ನೀನು ತಗೋ, ಜತೆಗೆ ಮುಂದಿನ ಎರಡು ಶುಕ್ರವಾರದ ನನ್ನ ಪಾಲಿನ ಮೀನೂ ನಿಂದೇ' ಅನ್ನಬೇಕು. ಮೇಲಕ್ಕೆ ಹೋಗೋದು ಅಂದ್ರೆ ಅಷ್ಟೇ."

"ಆಮೇಲೆ ಎರಡು ಶುಕ್ರವಾರ ಖಾಲಿ ತಟ್ಟೆ ನೆಕ್ಕೋದು," ಎಂದೆ ನಾನು. "ತಂದ ಮೀನಲ್ಲಿ ಬರೀ ಮುಳ್ಳಿದ್ರೆ? ಮೂರು ಸಲ ಹೀಗೇ ಮೇಲಕ್ಕೆ ಹೋಗಿದ್ದೀವಿ. ಒಬ್ಬನ ಮಂಡಿ ಹೋಯ್ತು, ಒಬ್ಬನ ಭುಜ ಹೋಯ್ತು, ಇನ್ನೊಬ್ಬ ತಾನೇ ಹೋದ."

"ನೋಡಿದ್ಯಾ, ಇವನು ಬಾಣಲೆ ಮುಂದೆ ನಿಂತು ಶ್ರಾದ್ಧದ ಲೆಕ್ಕ ಹೇಳೋನು."

ಮಾರ್ವಾ ಸ್ವಲ್ಪ ಯೋಚಿಸಿ, "ಮುಂದಿನ ಶುಕ್ರವಾರ ಬರೋದೇ ಇಲ್ಲ ಅನ್ನೋರಿಗೆ ಇದು ಲಾಭದ ವ್ಯಾಪಾರವೇ, ಅಲ್ವಾ?" ಎಂದಳು. ಪಾಪ, ಏನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ.

ಅಕ್ಕ ನಕ್ಕಳು. ನಗು ಬೇಕಾದ್ದಕ್ಕಿಂತ ಉದ್ದವಾಯಿತು.

ಮಾರ್ಚ್ ೪, ಬುಧವಾರ

ಇಂದು ಬಡ್ಡನಿಗೆ ಫೋನ್ ಮಾಡಿದೆ. ಮೊದಲು ಕೊರಿನ್ ಎತ್ತುತ್ತಾಳೆ. ಹೆಸರು, ಊರು, ವಿಷಯ ಕೇಳಿಕೊಂಡು ಸಾಲಿಗೆ ಹಾಕುವುದು ಅವಳ ಕೆಲಸ. "ಅರ್ನಿ ಸಾರ್, ವಿಷಯ ಕೇಳೋದೇ ಬೇಡ ಅಲ್ವಾ?" ಎಂದಳು. "ಬೇಡ ಅನ್ನೋದೇ ವಿಷಯ," ಎಂದೆ. ಈ ಹಾಸ್ಯ ನಮ್ಮಿಬ್ಬರ ನಡುವೆ ಬಹಳ ಹಳೆಯದು, ಆದರೂ ನಗುತ್ತಾಳೆ.

ಚೆನ್ನಾಗಿ ಮಾತಾಡಿದೆ. ಪೂರ್ವಪಕ್ಷ, ಸಿದ್ಧಾಂತ, ನಡುವೆ ಒಂದು ಲ್ಯಾಟಿನ್ ನುಡಿ. ಕೊನೆಗೆ ಎಲ್ಲರೂ ಹೇಳುವಂತೆ, "ಫೋನ್ ಇಟ್ಟು ಕೇಳ್ತೀನಿ ಬಡ್," ಎಂದೆ. ಇದು ಈ ಕಾರ್ಯಕ್ರಮದ ಶಿಷ್ಟಾಚಾರ. ನಿಮ್ಮ ಪ್ರಶ್ನೆ ಕೇಳಿ, ಫೋನ್ ಇಟ್ಟು, ಉತ್ತರವನ್ನು ರೇಡಿಯೊದಲ್ಲಿ ಕೇಳಿಸಿಕೊಳ್ಳುವುದು.

ಅಕ್ಕ ಅಡುಗೆಮನೆಯಿಂದ, "ಜೀವನ ಪೂರ್ತಿ ಇದೇ ಆಯ್ತಲ್ಲೋ ನಿಂದು," ಎಂದಳು. "ಆ ಕೆಮಿಸ್ಟ್ರಿ ಮೇಡಂಗೂ ಫೋನಲ್ಲಿ 'ನನ್ನ ಮದುವೆ ಆಗ್ತೀರಾ' ಅಂತ ಕೇಳಿ ಟಪ್ ಅಂತ ಇಟ್ಟುಬಿಟ್ಯಲ್ಲ. ಅವಳೇನಂದಳೋ ಇವತ್ತಿಗೂ ಗೊತ್ತಿಲ್ಲ."

"ಅವಳು ರೇಡಿಯೊದಲ್ಲಿ ಉತ್ತರ ಕೊಡಲಿಲ್ಲ," ಎಂದೆ.

ಮಾರ್ಚ್ ೯, ಸೋಮವಾರ

ಕೇಂದ್ರದಿಂದ ವಾಪಸು ಬರುವಾಗ ಅಕ್ಕ ಕಾರಿನಲ್ಲಿ ಹೇಳಿದಳು. ಸೇತುವೆಯ ಮೇಲೆ ಟ್ರಾಫಿಕ್ ನಿಂತಿತ್ತು. ಕೆಳಗೆ ನದಿಯಲ್ಲಿ ಮಂಜುಗಡ್ಡೆ ಒಡೆದು ತುಂಡು ತುಂಡಾಗಿ ಹೋಗುತ್ತಿತ್ತು.

"ಅರ್ನಿ, ಡ್ರಾಫ್ಟ್ ತನಕ ಬರ್ತೀನಿ. ನಮ್ಮವರು ಮೇಲಕ್ಕೆ ಹೋಗಿ ಆ ಹುಡುಗನ್ನ ತಂದ್ರೆ, ಇನ್ನೊಂದು ಸೀಸನ್ ಈ ಮಿಷನ್ ಜತೆ ಸಂಸಾರ ಮಾಡ್ತೀನಿ. ತರಲಿಲ್ಲ ಅಂದ್ರೆ ಸಾಕು. ನಿಲ್ಲಿಸ್ತೀನಿ."

ಏನನ್ನು ನಿಲ್ಲಿಸುತ್ತೀ ಎಂದು ಕೇಳಿದೆ. ತರ್ಕಶಾಸ್ತ್ರದ ಮೇಷ್ಟರ ಪ್ರಶ್ನೆ ನೋಡಿ.

"ತಮಾಷೆ ಅಲ್ಲ ಕಣೋ. ಡಾಕ್ಟರ ಹತ್ರ ಮಾತಾಡಿದೀನಿ. ನಿಲ್ಲಿಸೋದು ನನ್ನ ಹಕ್ಕಂತೆ. ಎಡಗೈ ನರ ಮುಗೀತು, ಬಲಗೈದೂ ಮುಗೀತು, ಈಗ ಕತ್ತಲ್ಲಿ ನಳಿಗೆ ಹಾಕಿದಾರೆ. ಒಂದು ದಿನ ಮಿಷನ್ನು, ಒಂದು ದಿನ ಸುಸ್ತು. ಸುಮ್ಮನೆ ಯಾವುದಕ್ಕಪ್ಪಾ? ಕಾಯೋಕೆ ಏನಾದ್ರೂ ಬೇಕಲ್ಲ. ಸೆಪ್ಟೆಂಬರ್‌ನಲ್ಲಿ ಅಪ್ಪನ ಸೀಟಲ್ಲಿ ಕೂತು ಒಂದು ಒಳ್ಳೇ ಎಸೆತ ನೋಡಬೇಕು, ಅಷ್ಟೇ."

ಸ್ಟೇಡಿಯಮ್ಮಿನಲ್ಲಿ ಅಪ್ಪ ಬಿಟ್ಟುಹೋದ ಎರಡು ಸೀಟುಗಳಿವೆ, ಅಕ್ಕಪಕ್ಕ. ಅಕ್ಕನ ಗಂಡ ಹೋದ ಮೇಲೆ ನಾವಿಬ್ಬರೇ ಕೂರುವುದು.

ನನ್ನದೊಂದು ಮೂತ್ರಪಿಂಡ ಕೊಡಲು ಹೋದ ವರ್ಷವೇ ಹೋಗಿದ್ದೆ. ಸಕ್ಕರೆ ಕಾಯಿಲೆಯವನದು ಬೇಡ ಎಂದರು. ಬೇಡಪ್ಪನಿಗೂ ಬೇಡ ಎನ್ನುವವರು ಇದ್ದಾರೆ.

ಮಾರ್ಚ್ ೧೦, ಮಂಗಳವಾರ

ತತ್ತ್ವ ತತ್ತ್ವವೇ. ಮನೆಯವರ ಕಾಯಿಲೆಗೂ ತಂಡದ ಹಿತಕ್ಕೂ ಸಂಬಂಧ ಕಲ್ಪಿಸುವುದು ತರ್ಕದೋಷ. ಮೊದಲ ವರ್ಷದ ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಬೆಳಿಗ್ಗೆ ಬಡ್ಡನ ಕಾರ್ಯಕ್ರಮದಲ್ಲಿ 'ಪೆರಿಸ್‌ಬರ್ಗ್‌ನ ವಾಲ್ಟರ್' ಎಂಬ ಹೊಸ ಮನುಷ್ಯ ಮಾತಾಡಿದ. ಮೇಲಕ್ಕೆ ಹೋಗಲೇಬೇಕಂತೆ, ಬೇಕಾದ್ದು ಕೊಟ್ಟು ಮರ್ಚಿಸನ್ನನನ್ನು ತರಲೇಬೇಕಂತೆ. ಕಾರಣ ಕೇಳಿದರೆ, "ಕೆಲವರಿಗೆ ಸಮಯವಿಲ್ಲ ಬಡ್," ಎಂದ. ಇದೂ ಒಂದು ವಾದವೇ? ಪೆರಿಸ್‌ಬರ್ಗ್ ನದಿಯಾಚೆಯ ಸಿರಿವಂತರ ಬಡಾವಣೆ. ಅಲ್ಲಿಯವರಿಗೆ ಏನು ಕಷ್ಟ? ಹುಲ್ಲು ಕತ್ತರಿಸುವವನು ಬರಲಿಲ್ಲವೋ ಏನೋ. ಆದರೂ ಭಾಷೆ ಶುದ್ಧವಾಗಿತ್ತೆಂದು ನ್ಯಾಯವಾಗಿ ಹೇಳಬೇಕು. ವಾಕ್ಯರಚನೆ ಅಚ್ಚುಕಟ್ಟು.

ಮಾರ್ಚ್ ೨೦, ಶುಕ್ರವಾರ

ಕೆಟ್ಟ ದಿನ. ಕತ್ತಿನ ನಳಿಗೆಗೆ ಸೋಂಕು ತಗುಲಿ ನಡುಕ ಬಂತು. ಮಾರ್ವಾ ಕಂಬಳಿಯ ಮೇಲೆ ಕಂಬಳಿ ಹೊದಿಸಿದಳು. ಇವತ್ತು ಹಾಡಲಿಲ್ಲ.

ನನ್ನನ್ನು ಹೊರಗೆ ಕಳಿಸಿದರು. ಕಾರಿನಲ್ಲಿ ಕೂತು ರೇಡಿಯೊ ಹಾಕಿದರೆ, ಅಕ್ಕನ ಧ್ವನಿ! ನಡುಗುತ್ತಲೇ ಕುರ್ಚಿಯಿಂದ ಫೋನ್ ಮಾಡಿದ್ದಾಳೆ.

"ಈಸ್ಟ್ ಸೈಡಿಂದ ಇಲೋನಾ ಮಾತಾಡ್ತಿದೀನಿ ಬಡ್. ನಲವತ್ತು ವರ್ಷ ಕಾರಿನ ಮುಂಗಾಜು ಮಾಡೋ ಫ್ಯಾಕ್ಟರೀಲಿ ಇದ್ದೆ. ಗಾಜಿನ ವಿಷಯ ನಂಗೆ ಗೊತ್ತು. ಕಾಯಿಸಿದಾಗಲೇ ಬಗ್ಗಿಸಬೇಕು. ತಣ್ಣಗಾಗಲಿ, ನಾಳೆ ನೋಡೋಣ ಅಂದ್ರೆ ಬಗ್ಗಲ್ಲ, ಒಡೆಯುತ್ತೆ."

"ಆದ್ರೆ ಇಲೋನಾ, ಮುಂದಿನ ವರ್ಷಗಳ ಆಯ್ಕೆಗಳೆಲ್ಲ ಹೋಗ್ತವಲ್ಲ?" ಎಂದ ಬಡ್.

"ಮುಂದಿನ ವರ್ಷದ್ದನ್ನ ಮುಂದಿನ ವರ್ಷ ಇರೋರು ನೋಡ್ಕೊಳ್ಳಲಿ ಬಿಡಪ್ಪ. ನಿಮ್ಮಲ್ಲೊಬ್ಬ ಬೇಡಪ್ಪ ಇದಾನಲ್ಲ, ಅವನ ಮಾತು ಕೇಳಬೇಡಿ. ಅವನು ಹುಟ್ಟಿದ ಹಬ್ಬದ ಕೇಕನ್ನೂ ನಾಳೆಗೆ ಎತ್ತಿಡೋನು. ನಾನು ಫೋನ್ ಇಡಲ್ಲ, ನೀನೇನ್ ಹೇಳ್ತೀಯೋ ಇಲ್ಲೇ ಹೇಳು."

ಅವಳು ಫೋನ್ ಇಡಲೇ ಇಲ್ಲ. ಬಡ್ ಪಾಪ ತಬ್ಬಿಬ್ಬಾದ.

ಕಾರಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿಕೊಂಡಿತು. ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ಹೀಟರ್ ದೋಷ. ರಿಪೇರಿ ಮಾಡಿಸಬೇಕು.

ಏಪ್ರಿಲ್ ೬, ಈಸ್ಟರ್ ಸೋಮವಾರ

ನಮ್ಮ ಹಂಗೇರಿ ಕಡೆಯವರಲ್ಲಿ ಇಂದು ಗಂಡಸರು ಹೆಂಗಸರಿಗೆ ನೀರು ಚಿಮುಕಿಸಬೇಕು. ಹೂವೊಂದು ಬಾಡುತ್ತಿದೆ, ನೀರೆರೆಯಲೇ ಎಂದು ಪದ್ಯ ಹೇಳಿ ಅಪ್ಪಣೆ ಕೇಳಬೇಕು. ಬದಲಿಗೆ ಅವರು ಬಣ್ಣದ ಮೊಟ್ಟೆ ಕೊಡುತ್ತಾರೆ. ಅಮ್ಮನ ಕಾಲದಲ್ಲಿ ಬಕೆಟ್ಟೇ ಸುರಿಯುತ್ತಿದ್ದರು. ನಾನು ಅತ್ತರಿನ ಶೀಶೆ ಹಿಡಿದು ಅಕ್ಕನ ಹಾಸಿಗೆಯ ಬಳಿ ನಿಂತು ಪದ್ಯ ಹೇಳಿದೆ.

"ಲೋ, ದಿನಕ್ಕೆ ನಾಲ್ಕು ಲೋಟ ನೀರು ಅಂತ ಮಿತಿ ಇದೆ ನಂಗೆ. ಇದೂ ಅದರಲ್ಲಿ ಸೇರುತ್ತೇನೋ?" ಎಂದಳು.

ಸೇರುವುದಿಲ್ಲ ಎಂದೆ.

"ಹಂಗಾದ್ರೆ ಇನ್ನೊಂಚೂರು ಹಾಕು."

ಇಡೀ ಶೀಶೆ ಮುಗಿಸಿದೆ. ಕೇಂದ್ರದಲ್ಲಿ ಮಾರ್ವಾ ಮೂಗು ಮುಚ್ಚಿಕೊಂಡು, "ಯಾರಿದು ಮದುಮಗಳು!" ಎಂದಳು.

ಏಪ್ರಿಲ್ ೧೪, ಮಂಗಳವಾರ

ಆ ವಾಲ್ಟರ್ ಮತ್ತೆ ಬಂದಿದ್ದ. ಈ ತಿಂಗಳು ಎಷ್ಟನೆಯ ಸಲವೋ. ಇವತ್ತು ಅತ್ತೇಬಿಟ್ಟ. ಫುಟ್‌ಬಾಲಿಗಾಗಿ, ಸಾವಿರಾರು ಜನ ಕೇಳುತ್ತಿರುವಾಗ, ವಯಸ್ಸಾದ ಗಂಡಸು! "ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ ಬಡ್, ನಾಳೆ ಅನ್ನೋದು ಎಲ್ಲರಿಗೂ ಸಮನಾಗಿ ಹಂಚಿಲ್ಲ," ಎನ್ನುತ್ತಾ ಮೂಗು ಸೀಟಿದ್ದು ರೇಡಿಯೊದಲ್ಲಿ ಕೇಳಿಸಿತು. ಜಾಹೀರಾತು ಹಾಕಿದರು.

ನಾನು ಹಾಲು ತೆಗೆದುಕೊಂಡು ಮನೆಗೆ ಬಂದಾಗ ಅಕ್ಕ ರೇಡಿಯೊದ ಮುಂದೆಯೇ ಕೂತಿದ್ದಳು.

"ಕೇಳಿದ್ಯಾ ವಾಲ್ಟರ್‌ನ?" ಎಂದಳು.

"ಇಲ್ಲ. ಅಂಗಡಿಯಲ್ಲಿದ್ದೆ."

"ಎರಡು ಗಂಟೆ ಬೇಕಾಯ್ತಾ ಹಾಲಿಗೆ? ಹಸು ಹುಡುಕ್ಕೊಂಡ್ ಹೋಗಿದ್ಯಾ?"

ರಸ್ತೆ ಕೆಲಸ ನಡೆಯುತ್ತಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದು, "ಮುಖ ತೊಳ್ಕೊಂಡು ಬಾ, ಕಾಫಿ ಮಾಡ್ತೀನಿ," ಎಂದಳು. ಯಾಕೆ ಹಾಗೆಂದಳೋ.

ಏಪ್ರಿಲ್ ೨೨, ಬುಧವಾರ

ನಮ್ಮವರು ಎರಡನೇ ಜಾಗಕ್ಕೆ ಹೋಗುವುದು ಬಹುತೇಕ ಖಚಿತವಂತೆ! ಬಡ್ ಹೇಳಿದ, ಪತ್ರಿಕೆ ಹೇಳಿತು, ಟಿವಿ ಹೇಳಿತು. ಬದಲಿಗೆ ಕೊಡಬೇಕಾದದ್ದು ಈ ವರ್ಷದ ಐದನೆಯ ಆಯ್ಕೆ, ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಆಯ್ಕೆಗಳು, ಜತೆಗೆ ಇನ್ನಷ್ಟು ಚಿಲ್ಲರೆ. ಅತ್ಯಂತ ಮೂರ್ಖ ವ್ಯಾಪಾರ. ಅವಿವೇಕದ ಪರಮಾವಧಿ. ನಾನು ಕೇಂದ್ರದಿಂದ ಕಾರಿನವರೆಗೆ ಶಿಳ್ಳೆ ಹಾಕುತ್ತಾ ಹೋದೆನೆಂದು ಮಾರ್ವಾ ಚಾಡಿ ಹೇಳಿದಳು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು, ಅದರ ಶಬ್ದ.

ಸೆಪ್ಟೆಂಬರಿಗೆ ಅಕ್ಕನಿಗೊಂದು ದಪ್ಪ ಮೆತ್ತೆ ಬೇಕು. ಆ ಸೀಟು ಗಟ್ಟಿ. ಕೊಂಡು ತಂದಿದ್ದೇನೆ. ಅಂಗಡಿಯಲ್ಲಿ ರಿಯಾಯಿತಿ ಇತ್ತು, ಅದಕ್ಕೆ.

ಏಪ್ರಿಲ್ ೨೩, ಗುರುವಾರ

ಸಂಜೆ ಎಂಟಕ್ಕೆ ಶುರುವಾಯಿತು. ಅಕ್ಕ ಅಪ್ಪನ ಹಳೇ ತಂಡದ ಅಂಗಿ ತೊಟ್ಟಿದ್ದಳು. ಅಂಗಿಯೊಳಗೆ ಅವಳನ್ನು ಹುಡುಕಬೇಕಿತ್ತು. ಮಾರ್ವಾಳೂ ಬಂದಿದ್ದಳು.

ಮೊದಲನೆಯ ತಂಡ ಒಬ್ಬ ಗೋಡೆಯಂಥವನನ್ನು ತೆಗೆದುಕೊಂಡಿತು. ನಾವೆಲ್ಲ ಎದ್ದು ನಿಂತೆವು, ಅಕ್ಕನೂ. ಆಗ ಟಿವಿಯವನು, "ಎರಡನೇ ಜಾಗ ಕೈ ಬದಲಾಗಿದೆ!" ಎಂದ. ನಾನು ಅಕ್ಕನ ಕೈ ಹಿಡಿದೆ. ಕೈ ಬದಲಾದದ್ದು ನಿಜ. ನಮ್ಮ ಕೈಗಲ್ಲ. ನಮಗಿಂತ ಹಿಂದಿದ್ದ ಪಶ್ಚಿಮ ಕರಾವಳಿಯ ತಂಡವೊಂದು ಹಾರಿ ಮುಂದೆ ಹೋಗಿತ್ತು. ಮರ್ಚಿಸನ್ ಅವರ ಟೋಪಿ ಹಾಕಿಕೊಂಡು ತಾಯಿಯನ್ನು ತಬ್ಬಿಕೊಂಡ. ಚೆಂದದ ಹುಡುಗ. ಉದ್ದ ಬೆರಳು.

ನಮ್ಮ ಸರದಿ ಬಂತು. ನಮ್ಮವರು ಯಾರನ್ನೂ ಎತ್ತಿಕೊಳ್ಳಲಿಲ್ಲ. ಐದನೆಯ ಜಾಗವನ್ನು ಬಿಟ್ಟುಕೊಟ್ಟು, ಕೆಳಗೆ ಹದಿನಾಲ್ಕಕ್ಕೆ ಇಳಿದು, ಬದಲಿಗೆ ಮುಂದಿನ ವರ್ಷದ ಮೊದಲ ಸುತ್ತಿನ ಇನ್ನೊಂದು ಆಯ್ಕೆ ಪಡೆದರು. ತಾಳ್ಮೆ. ನಾಳೆಯ ಮೇಲೆ ನಂಬಿಕೆ. ಮೂವತ್ತು ವರ್ಷದಿಂದ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ್ದರು.

ಮಾರ್ವಾಗೆ ಅರ್ಥವಾಗಲಿಲ್ಲ. "ಒಳ್ಳೇದಾಯ್ತಾ, ಕೆಟ್ಟದಾಯ್ತಾ?" ಎಂದು ನಮ್ಮಿಬ್ಬರ ಮುಖ ನೋಡಿದಳು.

ಅಕ್ಕ ಟಿವಿ ಆರಿಸಿ, "ನೀನ್ ಅಂದ್ಕೊಂಡಿದ್ದೇ ಆಯ್ತಲ್ಲೋ ಅರ್ನಿ," ಎಂದಳು. ಅಣಕಿಸಿದ್ದಲ್ಲ. ಅಣಕಿಸಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨೪, ಶುಕ್ರವಾರ

ಬಡ್ ಲಾಸ್ಕಿ ತಾನಾಗಿ ಫೋನ್ ಮಾಡಿದ. ಮೂವತ್ತು ವರ್ಷದಲ್ಲಿ ಮೊದಲ ಸಲ.

"ಊರಿನ ಏಕೈಕ ಬುದ್ಧಿವಂತ ನಮ್ಮ ಜತೆ ಇದ್ದಾರೆ! ಬೇಡಪ್ಪ ಅರ್ನಿ! ಕೊನೆಗೂ ಗೆದ್ರಿ ಗುರುಗಳೇ! ಹೇಗನ್ಸುತ್ತೆ?"

ಮಾತಾಡಿದೆ. ವಿವೇಕ, ದೂರದೃಷ್ಟಿ, ಬೀಜವನ್ನು ತಿನ್ನದ ರೈತ, ಎಲ್ಲ ಹೇಳಿದೆ. ಧ್ವನಿ ನಡುಗಲಿಲ್ಲ. ಫೋನ್ ಇಟ್ಟು ಅಡುಗೆಮನೆಗೆ ಬಂದೆ. ಕೇಂದ್ರಕ್ಕೆ ಹೊರಡುವ ಹೊತ್ತಾಗಿತ್ತು, ಕಾರಿನ ಕೀಲಿ ಕೈಯಲ್ಲಿತ್ತು.

ಅಕ್ಕ ರೇಡಿಯೊ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ನಿಧಾನವಾಗಿ, ಸಿಪ್ಪೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ. ನಾಲ್ಕು ವರ್ಷದಿಂದ ಈ ಮನೆಯೊಳಗೆ ಬಾಳೆಹಣ್ಣು ಬಂದಿರಲಿಲ್ಲ.

"ಚೆನ್ನಾಗಿ ಮಾತಾಡಿದೆ," ಎಂದಳು. "ಕೀಲಿ ಅಲ್ಲಿಡು. ಕೂತ್ಕೋ."

"ಅಕ್ಕ, ಕೇಳು. ಮುಂದಿನ ವರ್ಷ ನಮ್ಮ ಹತ್ರ ಮೊದಲ ಸುತ್ತಿನ ಎರಡು ಆಯ್ಕೆ ಇವೆ. ಎರಡು! ಮುಂದಿನ ವರ್ಷ ಇವನಿಗಿಂತ ಒಳ್ಳೇ ಹುಡುಗರು ಬರ್ತಾರಂತೆ. ಒಂದೇ ಒಂದು ವರ್ಷ. ಕಾದ್ರೆ..."

"ಎರಡು ಆಯ್ಕೆ ನಿಂದೇ. ಎರಡು ಸೀಟೂ ನಿಂದೇ. ಒಂದರ್ಧ ಗಂಟೆ ಅದರಲ್ಲಿ, ಒಂದರ್ಧ ಗಂಟೆ ಇದರಲ್ಲಿ ಕೂತ್ಕೋ. ಈ ಹಣ್ಣು ಎಷ್ಟು ಸಿಹಿ ಇದೆ ಗೊತ್ತಾ? ತಗೋ, ಅರ್ಧ ನಿಂಗೆ."

ಸಕ್ಕರೆ ಕಾಯಿಲೆಯವನು ನಾನು. ತಿಂದೆ.

ಏಪ್ರಿಲ್ ೨೬, ಭಾನುವಾರ

ಅಡುಗೆ ಮಾಡುತ್ತಿದ್ದೇನೆ. ಅವಳು ಹಾಸಿಗೆಯಿಂದ ಆಜ್ಞಾಪಿಸುತ್ತಾಳೆ. ಟೊಮೇಟೊ ಸಾರಿನಲ್ಲಿ ಬೇಯಿಸಿದ ಕೋಸಿನ ಸುರುಳಿ. ಬೆಣ್ಣೆ ಹಾಕಿ ಕಲಸಿದ ಆಲೂಗಡ್ಡೆ. ಉಪ್ಪು. "ಇನ್ನೂ ಉಪ್ಪು. ಇನ್ನೂ. ಲೋ ಕಂಜೂಸ್, ಯಾರಿಗೆ ಎತ್ತಿಡ್ತಿದೀಯ?"

ನಾಲ್ಕು ತುತ್ತು ತಿಂದಳು. ಇಡೀ ಬಾಣಲೆ ತಿಂದವಳಂತೆ ತೇಗಿದಳು.

ಏಪ್ರಿಲ್ ೩೦, ಗುರುವಾರ

ಕಾಲು ಊದಿದೆ. ಹೆಚ್ಚು ಹೊತ್ತು ನಿದ್ದೆ.

ಮೇ ೨, ಶನಿವಾರ

ಮಧ್ಯಾಹ್ನ ಎಚ್ಚರವಾದಾಗ ಕರೆದಳು. ಮಾತು ತೊದಲುತ್ತಿತ್ತು.

"ವಾಲ್ಟರ್ ಸಿಕ್ಕಿದ್ರೆ ಹೇಳು."

"ಯಾವ ವಾಲ್ಟರ್?" ಎಂದೆ.

"ಅದೇ, ಪೆರಿಸ್‌ಬರ್ಗಿನೋನು. ಚೆನ್ನಾಗಿ ಅತ್ತ ಅಂತ ಹೇಳು. ನಂಗೆ ಖುಷಿಯಾಯ್ತು ಅಂತ ಹೇಳು. ನನಗೋಸ್ಕರ ಯಾರಾದ್ರೂ ಒಂದು ಸಲ ಹಂಗೆ ಕೇಳ್ಕೊಂಡ್ರಲ್ಲ ಅಂತ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಮುಂದಿನ ಸಲ ಫೋನ್ ಇಡಬೇಡ ಅನ್ನು. ಉತ್ತರ ಬರೋ ತನಕ ಅಲ್ಲೇ ಇರು ಅನ್ನು."

ಅವನ ಪರಿಚಯ ನನಗಿಲ್ಲ ಎಂದೆ.

"ಸರಿ ಬಿಡು," ಎಂದು ಕಣ್ಣು ಮುಚ್ಚಿದಳು. ತುಟಿಯಲ್ಲಿ ನಗುವಿತ್ತು ಎನ್ನಿಸಿತು. ಕಾಯಿಲೆಯಲ್ಲಿ ಜನ ಏನೇನೋ ಮಾತಾಡುತ್ತಾರೆ.

ಮೇ ೪, ಸೋಮವಾರ

ಬೆಳಿಗ್ಗೆ ಅಕ್ಕ ಹೋದಳು.

ಮೇ ೧೩, ಬುಧವಾರ

ಕೇಂದ್ರಕ್ಕೆ ಹೋಗಿ ರಿಮೋಟನ್ನು ಮಾರ್ವಾಳ ಕೈಗೆ ಕೊಟ್ಟು, ಕಾನೂನು ಯಾವ ಶಿಕ್ಷೆ ಕೊಟ್ಟರೂ ಸಿದ್ಧ ಎಂದೆ.

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದು ಕೆಟ್ಟು ವರ್ಷದ ಮೇಲಾಯ್ತು ಸಾರ್. ಚಾನೆಲ್ ನಾನೇ ಸ್ಟೂಲ್ ಹತ್ತಿ ಬದಲಾಯಿಸ್ತಿದ್ದೆ. ಇಲೋನಮ್ಮ ಬಂದ ದಿನ ಫುಟ್‌ಬಾಲೇ ಹಾಕು ಅಂತ ಬೇರೆಯವರೇ ಹೇಳ್ತಿದ್ರು."

ಅಕ್ಕನ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು. ಟಿವಿಯಲ್ಲಿ ಯಾರೋ ಆಲೂಗಡ್ಡೆ ಹೆಚ್ಚುತ್ತಿದ್ದರು. ಸ್ವಲ್ಪ ಹೊತ್ತು ನಾನೂ ನಿಂತು ನೋಡಿದೆ.

ಮೇ ೧೮, ಸೋಮವಾರ

ಸೋಮವಾರ ಬಂದರೆ ಇನ್ನೂ ಕಾರಿನ ಕೀಲಿ ಹುಡುಕುತ್ತೇನೆ. ಹುಡುಕಿದ ಮೇಲೆ ಎಲ್ಲಿಗೆ ಹೋಗುವುದು ತಿಳಿಯದೆ ಕಾರಿನಲ್ಲಿ ಕೂತೆ. ಮೆತ್ತೆ ಹಿಂದಿನ ಸೀಟಿನಲ್ಲೇ ಇತ್ತು, ಬೆಲೆಚೀಟಿಯ ಸಮೇತ. ರೇಡಿಯೊದಲ್ಲಿ ಬಡ್, ತಂಡ ಮೇಲಕ್ಕೆ ಹೋಗದೆ ತಪ್ಪು ಮಾಡಿತೇ ಎಂದು ಊರನ್ನು ಕೇಳುತ್ತಿದ್ದ. ಒಬ್ಬನಾದರೂ ವಿವೇಕದ ಪರವಾಗಿ ಮಾತಾಡಬೇಕು. ಫೋನ್ ಮಾಡಿದೆ.

ಮಾಡುವ ಮುನ್ನ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಮೂವತ್ತು ವರ್ಷ ನನ್ನ ಮಾತು ಬದಲಾಗಿಲ್ಲ, ಧ್ವನಿ ನಡುಗಿಲ್ಲ, ಕೊನೆಗೆ ತಂಡವೇ ನನ್ನ ದಾರಿಗೆ ಬಂತು. ಸಮಾಧಿಯ ಬಳಿಯೂ ನನ್ನ ಕಣ್ಣಲ್ಲಿ ನೀರು ಬರಲಿಲ್ಲವೆಂದು ಪಾದ್ರಿಗಳೇ ಮೆಚ್ಚಿದರು.

ಕೊರಿನ್ ಎತ್ತಿದಳು. ತುಂಬ ಮೆತ್ತಗೆ, "ಅಕ್ಕನ ವಿಷಯ ಪೇಪರಲ್ಲಿ ನೋಡಿದೆ ಸಾರ್," ಎಂದಳು. "ಇವತ್ತು ಯಾರು ಅಂತ ಬರ್ಕೊಳ್ಳಲಿ? ಅರ್ನೀನಾ, ವಾಲ್ಟರಾ?"

ನಾವು ಫೋನ್ ಮಾಡಿದರೆ ಅಲ್ಲಿ ನಂಬರು ಕಾಣುತ್ತದೆ. ಊರಿಗೆಲ್ಲ ತರ್ಕ ಕಲಿಸಿದವನಿಗೆ ಇದು ಹೊಳೆದಿರಲಿಲ್ಲ. ಮೊದಲ ದಿನದಿಂದ ಅವಳಿಗೆ ಗೊತ್ತಿತ್ತು, ಬಡ್ಡನಿಗೂ ಗೊತ್ತಿತ್ತಂತೆ. ಅಡುಗೆಮನೆಯಲ್ಲಿ ಕೂತಿದ್ದವಳಿಗಂತೂ ನಂಬರೂ ಬೇಕಿರಲಿಲ್ಲ. ಗೊತ್ತಿಲ್ಲದಂತೆ ನಟಿಸುತ್ತಿದ್ದದ್ದು ಇಬ್ಬರೇ, ನಾನು ಮತ್ತು ಈ ದಿನಚರಿ.

"ಸಾರ್? ಇದೀರಾ? ಫೋನ್ ಇಟ್ರಾ?"

"ಇಲ್ಲಮ್ಮ, ಇಟ್ಟಿಲ್ಲ," ಎಂದೆ. "ವಾಲ್ಟರ್ ಅಂತ ಬರ್ಕೋ."